ಸೊಂಟಕ್ಕೆ ಹೊಸ ಡಿಸ್ಕಾ, ಸ್ಕ್ರೂ ರಾಡಾ? ಅದಕ್ಕೂ ಮುಂಚೆ ಒಂದು ಪ್ರಶ್ನೆ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಸೊಂಟನೋವಿಗೆ ಕೃತಕ ಡಿಸ್ಕ್ (ಬೆನ್ನುಮೂಳೆಗಳ ಮಧ್ಯೆ ಇರೋ ಮೆತ್ತೆ ಸವೆದ್ರೆ ಅದರ ಬದ್ಲು ಕೂರಿಸೋದು) ಹಾಕೋ ಆಪರೇಷನ್ ಬಗ್ಗೆ ಬಂದಿತ್ತಲ್ಲ, ಅದನ್ನ ನಮ್ಮೂರ ಕಟಿಂಗ್ ಶಾಪಲ್ಲಿ ನಿಂತ್ಕೊಂಡೇ ಓದ್ದೆ. ಬೆಂಚ್ ಖಾಲಿ ಇತ್ತು, ಆದ್ರೆ ನಂಗೆ ಕೂರೋದೇ ಕಷ್ಟ. ಓದಿ ಮುಗಿಸೋ ಹೊತ್ಗೆ ಅಲ್ಲಿದ್ದವ್ರೆಲ್ಲ "ನೋಡಣ್ಣ, ನಿನ್ ಕಾಯ್ಲೆಗೆ ಮದ್ದು ಬಂದದೆ, ಇನ್ಯಾಕ್ ಯೋಚ್ನೆ, ಹೋಗಿ ಹಾಕಿಸ್ಕೊಂಡ್ ಬಂದ್ಬುಡು" ಅಂತ ಶುರು ಹಚ್ಕೊಂಡ್ರು. ಎರಡು ವರ್ಷದಿಂದ ಇದೇ ವಿಷಯಕ್ಕೆ ಫೈಲ್ ಹಿಡ್ಕೊಂಡು ಮಂಡ್ಯ, ಮೈಸೂರು, ಬೆಂಗ್ಳೂರು ಅಂತ ಅಲೆದವ್ನು ನಾನು, ನಿಮ್ಮ ಲೇಖನದಲ್ಲಿ ಬರದೇ ಇರೋದು ಸ್ವಲ್ಪ ನಂಗೊತ್ತು, ಅದಕ್ಕೇ ಈ ಕಾಗದ.

ನಂದು ಮದ್ದೂರು ಕಡೆ ಒಂದು ಸಣ್ಣ ಆಲೆಮನೆ. ವಯಸ್ಸು 46. ಪಾಕ ಹದಕ್ಕೆ ಬಂದ್ಮೇಲೆ ಕೊಪ್ಪರಿಗೆ ಬಗ್ಗಿಸಿ ಸುರೀಬೇಕಲ್ಲ, ಆಗ ಸೊಂಟ ಹಿಡೀತು ಅಂತ ಕೈ ಬಿಡಕ್ಕಾಗಲ್ಲ, ಹದ ತಪ್ಪುದ್ರೆ ಬೆಲ್ಲ ಅಚ್ಚಲ್ಲಿ ನಿಲ್ಲಲ್ಲ, ಮಂಡೀಲಿ ರೇಟೂ ಸಿಕ್ಕಲ್ಲ. ಇಪ್ಪತ್ತು ವರ್ಷ ಹಂಗೇ ದುಡಿದು ಈಗ ಬೈಕಲ್ಲಿ ಮದ್ದೂರಿಂದ ಮಂಡ್ಯಕ್ಕೆ ಹೋಗಿ ಇಳಿಯೋ ಹೊತ್ಗೆ ನೆಟ್ಟಗೆ ನಿಲ್ಲಕ್ಕೆ ಐದು ನಿಮಿಷ ಬೇಕು. ಎಮ್‌ಆರ್‌ಐ ಮಾಡಿಸ್ದಾಗ ಎಲ್ ಫೋರ್ ಎಲ್ ಫೈವ್, ಅಂದ್ರೆ ಸೊಂಟದ ನಾಕನೇ ಐದನೇ ಮೂಳೆ ಮಧ್ಯದ ಡಿಸ್ಕು ಸವೆದು ಕಪ್ಪಾಗಿದೆ ಅಂತ ಬಂತು. ಫಿಲ್ಮ್ ಬೆಳಕಿಗೆ ಹಿಡಿದ್ರೆ ಮೇಲಿನವು ಬೆಳ್ಳಗೆ ಕಾಣ್ತವೆ, ಅದೊಂದು ಮಾತ್ರ ಸುಟ್ಟ ದೋಸೆ ಥರ ಕರ್ರಗೆ ಚಪ್ಪಟೆಯಾಗಿದೆ. ಅದನ್ನ ನೋಡಿದ್ಮೇಲೆ ನಂಗೂ ನಮ್ಮನೆಯವ್ಳಿಗೂ ಅನುಮಾನನೇ ಉಳೀಲಿಲ್ಲ, ಕಳ್ಳ ಸಿಕ್ಬಿಟ್ಟ ಅಂದ್ಕೊಂಡ್ವಿ.

ಮೈಸೂರಲ್ಲಿ ಒಬ್ಬ ಡಾಕ್ಟ್ರು ಫ್ಯೂಷನ್ ಮಾಡೋಣ ಅಂದ್ರು. ಅಂದ್ರೆ ಹಾಳಾದ ಡಿಸ್ಕ್ ತೆಗೆದು ಆ ಜಾಗಕ್ಕೆ ಮೂಳೆ ಚೂರು ತುಂಬಿದ ಒಂದು ಕೇಜ್ ಇಟ್ಟು, ಹಿಂದ್ಗಡೆಯಿಂದ ಸ್ಕ್ರೂ ರಾಡ್ ಹಾಕಿ ಎರಡು ಮೂಳೆನೂ ಬಿಗಿದುಬಿಡೋದು. ಆಮೇಲೆ ಅವೆರಡೂ ಬೆಸೆದು ಒಂದೇ ಮೂಳೆ ಆಗ್ಬೇಕು, ಅದಕ್ಕೆ ಆರು ತಿಂಗ್ಳಿಂದ ಒಂದು ವರ್ಷ. ಸ್ಕ್ರೂ ಹಾಕಿದ ತಕ್ಷಣ ಮುಗೀತು ಅಂತ ನಾನು ತಿಳ್ಕೊಂಡಿದ್ದೆ, ಅದು ಬರೀ ಬೆಸೆಯೋ ತನಕ ಹಿಡ್ಕೊಳ್ಳೋ ಕಟ್ಟು ಅಷ್ಟೇನಂತೆ. ಬೀಡಿ ಸಿಗರೇಟ್ ಸೇದೋರಿಗೆ ಈ ಬೆಸುಗೆ ಸರಿಯಾಗಿ ಕೂಡ್ಕೊಳ್ದೇ ಇರೋ ಸಾಧ್ಯತೆ ಜಾಸ್ತಿ. ನಾನು ದಿನಕ್ಕೊಂದು ಕಟ್ಟು ಬೀಡಿ ಸೇದ್ತಿದ್ದೋನು, ಅಲ್ಲಿ ಯಾರೂ ಅದನ್ನ ಕೇಳ್ಲೇ ಇಲ್ಲ, ಇನ್ಶೂರೆನ್ಸ್ ಇದೆಯಾ ಅಂತ ಮಾತ್ರ ಇಬ್ಬಿಬ್ರು ಕೇಳಿದ್ರು.

ಬೆಂಗ್ಳೂರಲ್ಲಿ ಇನ್ನೊಂದು ಕಡೆ ಹೋದೆ. ಅಲ್ಲಿನ ಡಾಕ್ಟ್ರು ಫ್ಯೂಷನ್ ಹಳೇ ಕಾಲದ್ದು, ಒಂದು ಕೀಲು ಬಿಗಿದ್ರೆ ಭಾರ ಮೇಲಿನ ಕೀಲಿನ ಮೇಲೆ ಬಿದ್ದು ನಾಕಾರು ವರ್ಷಕ್ಕೆ ಅದೂ ಹಾಳಾಗ್ಬೋದು, ನೀವು ಇನ್ನೂ ದುಡಿಯೋ ವಯಸ್ಸಿನವ್ರು, ಕೃತಕ ಡಿಸ್ಕ್ ಹಾಕ್ಸಿ, ಸೊಂಟ ಮೊದ್ಲಿನಂಗೆ ಬಾಗ್ತದೆ ಅಂದ್ರು. ಗಾಣದಲ್ಲಿ ಒಂದು ಬೇರಿಂಗ್ ಜಾಮ್ ಆದ್ರೆ ಪಕ್ಕದ್ದು ಬಿಸಿಯಾಗಿ ಹೋಗಲ್ವಾ ಹಂಗೆ ಅಂದಾಗ ನಂಗೆ ಥಟ್ ಅಂತ ಅರ್ಥ ಆಯ್ತು, ಬೇರಿಂಗ್ ಭಾಷೆ ನಂದೇ ಅಲ್ವಾ. ಖರ್ಚು ಮಾತ್ರ ಮೈಸೂರಲ್ಲಿ ಹೇಳಿದ್ದಕ್ಕಿಂತ ಹೆಚ್ಚೂಕಮ್ಮಿ ಎರಡರಷ್ಟು. ಆದ್ರೂ ಮನಸ್ಸು ಆ ಕಡೆಗೇ ವಾಲ್ತು, ಆರು ಗುಂಟೆ ಅಡ ಇಡೋ ಮಾತೂ ಮನೇಲಿ ಆಗಿತ್ತು.

ಆದ್ರೆ ಗಾಣದ ಬೇರಿಂಗ್ ಕೆಟ್ರೆ ಭಾನುವಾರ ಸ್ಪ್ಯಾನರ್ ಹಿಡ್ಕೊಂಡು ಬಿಚ್ಚಿ ಬೇರೆ ಹಾಕ್ತೀನಿ. ಇದನ್ನ ಹಂಗೆ ಬಿಚ್ಚಕ್ಕಾಗಲ್ಲ, ಇದನ್ನ ಯಾರೂ ಹೇಳಿರ್ಲಿಲ್ಲ. ಸೊಂಟದ ಕೃತಕ ಡಿಸ್ಕ್ ಹಾಕೋದು ಬೆನ್ನಿಂದ ಅಲ್ಲ ಕಣ್ರೀ, ಹೊಟ್ಟೆ ಕಡೆಯಿಂದ. ಕರುಳು ಸರಿಸಿ, ಕಾಲಿಗೆ ರಕ್ತ ಹೋಗೋ ಬರೋ ದೊಡ್ಡ ನಾಳಗಳನ್ನ ಪಕ್ಕಕ್ಕೆ ಹಿಡ್ಕೊಂಡು ಆ ಸಂದಿಗೆ ಕೂರಿಸ್ತಾರೆ. ಮುಂದೆ ಯಾವತ್ತಾದ್ರೂ ಅದು ಜರುಗಿದ್ರೆ, ಸವೆದ್ರೆ, ಮತ್ತೆ ಅದೇ ದಾರೀಲಿ ಹೋಗ್ಬೇಕು, ಆಗ ಆ ರಕ್ತನಾಳಗಳೆಲ್ಲ ಗಾಯ ಮಾಗಿ ಮೂಳೆಗೆ ಅಂಟ್ಕೊಂಡಿರ್ತವೆ, ಎರಡನೇ ಆಪರೇಷನ್ ಮೊದಲ್ನೇದಕ್ಕಿಂತ ಬಹಳ ಅಪಾಯ. ಗಂಡಸರಿಗೆ ಇನ್ನೊಂದು ತೊಂದ್ರೆನೂ ಆಗ್ಬೋದು, ಅಲ್ಲಿನ ನರಕ್ಕೆ ಪೆಟ್ಟಾದ್ರೆ ವೀರ್ಯ ಹೊರಗೆ ಬರದೆ ಮೂತ್ರಕೋಶಕ್ಕೆ ಹೋಗೋದು. ಅಪರೂಪಾನೇ ಇರ್ಲಿ, ಮಕ್ಕಳು ಬೇಕು ಅನ್ನೋ ಹುಡುಗ್ರಿಗೆ ಹೇಳ್ಬೇಕಾದ ಮಾತಲ್ವಾ ಇದು?

ನನ್ ಮಗಳು ಮೈಸೂರಲ್ಲಿ ನರ್ಸಿಂಗ್ ಓದ್ತಾಳೆ. ಅಡ ಇಡೋ ಮಾತು ಕೇಳಿ ಸಿಟ್ಟಾಗಿ, ಅಪ್ಪ ಒಂದು ತಿಂಗ್ಳು ಟೈಮ್ ಕೊಡಿ ಅಂತ ಕೂತ್ಕೊಂಡು ಓದಿ ನಂಗೆ ಅರ್ಥ ಆಗೋ ಥರ ಹೇಳಿದ್ಲು. ಈ ಫ್ಯೂಷನ್ನು 1911ರಷ್ಟು ಹಳೇದಂತೆ, ನ್ಯೂಯಾರ್ಕಲ್ಲಿ ಹಿಬ್ಸ್, ಆಲ್ಬೀ ಅಂತ ಇಬ್ರು ಡಾಕ್ಟ್ರು ಬೆನ್ನುಮೂಳೆಗೆ ಟಿಬಿ ಬಂದವ್ರಿಗೆ ಮಾಡಿದ್ದು, ಬರೀ ಸವೆತದ ನೋವಿಗೆ ಅಂತ ಹುಟ್ಟಿದ ಆಪರೇಷನ್ನೇ ಅಲ್ಲ. ಕೃತಕ ಡಿಸ್ಕ್ ಕಥೆ ಇನ್ನೂ ಚೆನ್ನಾಗಿದೆ. 1972ರ ಮ್ಯೂನಿಕ್ ಒಲಿಂಪಿಕ್ಸಲ್ಲಿ ಜಿಮ್ನಾಸ್ಟಿಕ್ಸಿಗೆ ಎರಡು ಚಿನ್ನ ಗೆದ್ದ ಪೂರ್ವ ಜರ್ಮನಿಯ ಕರಿನ್ ಯಾನ್ಸ್ ಅನ್ನೋ ಹುಡುಗಿ ಆಮೇಲೆ ಮೂಳೆ ಡಾಕ್ಟ್ರಾಗಿ, ಇನ್ನೊಬ್ರ ಜೊತೆ ಸೇರಿ ಬರ್ಲಿನ್ನಿನ ಶಾರಿಟೇ ಆಸ್ಪತ್ರೇಲಿ ಇದನ್ನ ಮಾಡಿದ್ದು, 1984ರಲ್ಲಿ ಮೊದಲ ಸಲ ರೋಗಿಗೆ ಹಾಕಿದ್ದು. ಬಿಲ್ಲಿನಂಗೆ ಬಾಗ್ತಿದ್ದವ್ಳಿಗೇ ಬಾಗೋ ಡಿಸ್ಕ್ ಹೊಳೀಬೇಕಿತ್ತು ನೋಡಿ. ಅಮೆರಿಕದಲ್ಲಿ 2004ರಲ್ಲಿ ಅದಕ್ಕೆ ಪರ್ಮಿಷನ್ ಸಿಕ್ತು, ಈಗ ಆ ಮಾಡೆಲ್ಲು ಮಾರ್ಕೆಟ್ಟಲ್ಲೇ ಇಲ್ಲ, ಬೇರೆ ಬಂದಿವೆ.

ಆ ಪರ್ಮಿಷನ್ ಸಿಕ್ಕಿದ್ದು ಹೆಂಗೆ ಅಂದ್ರೆ, ಎರಡು ವರ್ಷ ನೋಡಿದಾಗ ಕೃತಕ ಡಿಸ್ಕು ಫ್ಯೂಷನ್‌ಗಿಂತ ಕಮ್ಮಿ ಇಲ್ಲ ಅಂತ ತೋರಿಸಿ. ಕಮ್ಮಿ ಇಲ್ಲ ಅನ್ನೋದು ಬೇರೆ, ಮೇಲು ಅನ್ನೋದು ಬೇರೆ, ಈ ಎರಡನ್ನ ಒಂದೇ ಮಾಡಿ ಹೇಳ್ತಾರೆ. ಇನ್ನೊಂದು ಅಧ್ಯಯನ ನಾರ್ವೆದು, 2011ರಲ್ಲಿ ಬಂದದ್ದು. ನನ್ನಂಥ 173 ಜನರಲ್ಲಿ ಅರ್ಧಕ್ಕೆ ಕೃತಕ ಡಿಸ್ಕ್ ಹಾಕಿ, ಉಳಿದರ್ಧಕ್ಕೆ ಆಪರೇಷನ್ ಇಲ್ದೇ ಡಾಕ್ಟ್ರು, ಫಿಸಿಯೋ ಎಲ್ಲ ಸೇರಿ ವ್ಯಾಯಾಮ, ನೋವಿನ ಬಗ್ಗೆ ತಿಳುವಳಿಕೆ ಕೊಟ್ಟು ಎರಡು ವರ್ಷ ಆದ್ಮೇಲೆ ನೋಡಿದ್ರು. ದಿನದ ಕೆಲ್ಸಕ್ಕೆ ಎಷ್ಟು ತೊಂದ್ರೆ ಅಂತ ಅಳೆಯೋ 100ರ ಲೆಕ್ಕದಲ್ಲಿ ಆಪರೇಷನ್ ಆದವ್ರು 8.4 ಪಾಯಿಂಟ್ ಮುಂದೆ. ಮುಂದೆ ಇರೋದು ನಿಜ, ಆದ್ರೆ ಕನಿಷ್ಠ 10 ವ್ಯತ್ಯಾಸ ಬಂದ್ರೆ ಮಾತ್ರ ರೋಗಿಗೆ ಅರ್ಥಪೂರ್ಣ ಅಂತ ಅವ್ರೇ ಮೊದ್ಲೇ ಗೆರೆ ಎಳ್ಕೊಂಡಿದ್ರು, ಅದು ದಾಟ್ಲಿಲ್ಲ. ಆಪರೇಷನ್ ಬೇಡ್ವೇ ಬೇಡ ಅಂತ ನಾನು ಇದರಿಂದ ಹೇಳಲ್ಲ. ಆದ್ರೆ ಇದನ್ನ ಕೇಳಿದ್ಮೇಲೆ ನನ್ ತಪ್ಪು ನಂಗೇ ಕಾಣ್ತು. ವ್ಯಾಯಾಮ ಎಲ್ಲ ಮಾಡಿ ನೋಡಿದೀನಿ ಅಂತ ಫೈಲಲ್ಲಿ ಬರೆಸ್ಕೊಂಡು ಬಂದಿದ್ನಲ್ಲ, ಅದು ಸುಳ್ಳು. ಹತ್ತು ದಿನ ಕರೆಂಟ್ ಶಾಖ ತಗೊಂಡು ಬಿಟ್ಟಿದ್ದೆ, ಅದಕ್ಕೆ ವ್ಯಾಯಾಮ ಅನ್ನೋ ಹೆಸರು.

ಮತ್ತೆ ಆ ಕಪ್ಪು ಡಿಸ್ಕು. 2015ರಲ್ಲಿ ಬಂದ ಒಂದು ಲೆಕ್ಕದಲ್ಲಿ ಸೊಂಟನೋವೇ ಇಲ್ದೇ ಇರೋ ಜನರ ಸ್ಕ್ಯಾನ್‌ಗಳನ್ನ ಒಟ್ಟು ಮಾಡಿ ನೋಡಿದಾರೆ, 20 ವರ್ಷದವ್ರಲ್ಲೇ ನೂರಕ್ಕೆ 37 ಜನಕ್ಕೆ ಡಿಸ್ಕ್ ಸವೆತ, 40ಕ್ಕೆ 68, 50ಕ್ಕೆ 80. ನೋವಿಲ್ದವ್ರಿಗೆ ಸ್ವಾಮಿ! ಅಂದ್ಮೇಲೆ ನನ್ ಫಿಲ್ಮಲ್ಲಿ ಸಿಕ್ಕವ್ನು ಕಳ್ಳನೋ, ಇಲ್ಲಾ ಕಳ್ಳತನ ಆದ ಬೀದೀಲಿ ಸುಮ್ನೆ ನಿಂತಿದ್ದವ್ನೋ? ಡಿಸ್ಕಾ ರಾಡಾ ಅಂತ ಎರಡು ವರ್ಷ ತಲೆ ಕೆಡಿಸ್ಕೊಂಡ್ನೇ ಹೊರತು ನೋವು ಬರ್ತಿರೋದು ಅಲ್ಲಿಂದಾನೇನಾ ಅಂತ ನಾನೂ ಕೇಳ್ಲಿಲ್ಲ, ಅವ್ರೂ ಹೇಳ್ಲಿಲ್ಲ.

ಕೊನೆಗೆ ಮಗಳು ಗೊತ್ತು ಮಾಡ್ಕೊಂಡು ಒಬ್ಬ ಸರ್ಕಾರಿ ಡಾಕ್ಟ್ರ ಹತ್ರ ಕರ್ಕೊಂಡ್ ಹೋದ್ಲು. ಅವ್ರು ಫೈಲ್ ಮುಚ್ಚಿ ಪಕ್ಕಕ್ಕಿಟ್ಟು ಮೊದ್ಲು ನನ್ನ ನಡೆಸಿದ್ರು. ಹಿಮ್ಮಡಿ ಮೇಲೆ ನಡಿ, ತುದಿಗಾಲಲ್ಲಿ ನಡಿ, ಹೆಬ್ಬೆರಳು ಮೇಲೆತ್ತು, ಮುಂದಕ್ಕೆ ಬಗ್ಗು, ಹಿಂದಕ್ಕೆ ಬಾಗು. ಹಿಂದಕ್ಕೆ ಬಾಗಿದಾಗ ಜೀವ ಹೋದಂಗಾಗಿ ಮೇಜು ಹಿಡ್ಕೊಂಡೆ. ಆಗ ಅವ್ರು ಸಿಟಿ ಸ್ಕ್ಯಾನೂ, ಮೂಳೆ ಗಟ್ಟಿ ಇದೆಯಾ ನೋಡೋ ಟೆಸ್ಟೂ ಬರೆದ್ರು. ಸೊಂಟದ ಒಂದೊಂದು ಮಟ್ಟದಲ್ಲೂ ಮುಂದೆ ಡಿಸ್ಕ್ ಇದ್ರೆ ಹಿಂದೆ ಎರಡು ಸಣ್ಣ ಕೀಲು ಇರ್ತವೆ, ಮೂರು ಕಾಲಿನ ಮಣೆ ಇದ್ದಂಗೆ. ನಂಗೆ ಆ ಹಿಂದಿನ ಎರಡೂ ಸವೆದಿವೆ ಅಂತ ಗೊತ್ತಾಯ್ತು. ಕೃತಕ ಡಿಸ್ಕ್ ಹಾಕಿದ್ರೆ ಮುಂದಿನ ಕಾಲು ಮಾತ್ರ ಹೊಸದು, ಹಿಂದಿನವು ಅಲ್ಲಾಡ್ತಾನೇ ಇರ್ತವೆ, ನೋವ್ತಾನೇ ಇರ್ತವೆ. ಹಂಗಾಗಿ ಹಿಂದಿನ ಕೀಲು ಸವೆದವ್ರಿಗೆ, ಮೂಳೆ ಟೊಳ್ಳಾದವ್ರಿಗೆ, ಮೂಳೆ ಮುಂದಕ್ಕೆ ಜಾರಿರೋರಿಗೆ, ನರದ ದಾರಿ ಕಿರಿದಾಗಿರೋರಿಗೆ ಅದನ್ನ ಹಾಕೋದೇ ಇಲ್ವಂತೆ. ಅಮೆರಿಕದ ಸರ್ಕಾರಿ ವಿಮೆ 60 ದಾಟಿದವ್ರಿಗೆ ಈ ಆಪರೇಷನ್ನಿಗೆ ದುಡ್ಡು ಕೊಡಲ್ಲ ಅಂತ 2007ರಲ್ಲೇ ಹೇಳಿದೆ. ಅಂದ್ರೆ ಇಷ್ಟು ದಿನ ನಾನು ಎರಡರಲ್ಲಿ ಒಂದು ಆರಿಸ್ತಿದ್ದೆ ಅಂದ್ಕೊಂಡಿದ್ದೆ, ನನ್ನ ಪಾಲಿಗೆ ಎರಡು ಇರ್ಲೇ ಇಲ್ಲ.

ಇನ್ನೊಂದು ಗೊಂದಲ ನಮ್ಮ ಷಡ್ಡಕಂದು. ಅವ್ನಿಗೆ ಕುತ್ತಿಗೆಗೆ ಕೃತಕ ಡಿಸ್ಕ್ ಹಾಕಿ ಚೆನ್ನಾಗಿದಾನೆ, ಸಿಕ್ಕಿದಾಗೆಲ್ಲ ಕತ್ತು ಆ ಕಡೆ ಈ ಕಡೆ ತಿರುಗಿಸಿ ತೋರಿಸ್ತಾನೆ. ಕುತ್ತಿಗೆದು ಬೇರೆ, ಸೊಂಟದ್ದು ಬೇರೆ. ಅಲ್ಲಿ ಸಾಮಾನ್ಯವಾಗಿ ಒತ್ತಿಹೋಗಿರೋ ನರ ಬಿಡಿಸಕ್ಕೆ ಮಾಡ್ತಾರೆ, ಭಾರನೂ ಕಮ್ಮಿ, ಅದರ ಫಲಿತಾಂಶ ಹಿಡ್ಕೊಂಡು ನನ್ನ ಸೊಂಟಕ್ಕೆ ಲೆಕ್ಕ ಹಾಕಕ್ಕಾಗಲ್ಲ.

ಇದನ್ನ ಓದಿ ಯಾರಾದ್ರೂ ಎಲ್ಲಾ ಆಪರೇಷನ್ನೂ ಮೋಸ ಅಂದ್ಕೊಂಡು ಮನೇಲೇ ಕೂತ್ರೆ ಆ ಪಾಪ ನಂಗೆ ಬೇಡ. ಪಾದ ಎತ್ತಕ್ಕಾಗ್ದೆ ಎಳೀತಿದ್ರೆ, ಮೂತ್ರ ಕಟ್ಟಿದ್ರೆ, ಕೂರೋ ಜಾಗ ಜೋಮು ಹಿಡಿದ್ರೆ ಅದು ಅವತ್ತೇ ಆಸ್ಪತ್ರೆಗೆ ಓಡೋ ವಿಷಯ, ನಾಟಿ ಔಷಧಿ ಪಟ್ಟು ಅಂತ ಒಂದು ದಿನಾನೂ ಕಾಯಂಗಿಲ್ಲ.

ನಂಗೆ ಅಂಥದ್ದೇನಿಲ್ಲ, ಅದಕ್ಕೇ ಡಾಕ್ಟ್ರು ಅವಸರ ಇಲ್ಲ ಅಂದ್ರು. ಫ್ಯೂಷನ್ ದಾರಿ ಮುಂದೇನೂ ಇರ್ತದೆ, ಮೊದ್ಲು ಬೀಡಿ ಬಿಡು, ಆರು ತಿಂಗ್ಳು ಹೇಳಿದಂಗೆ ವ್ಯಾಯಾಮ ಮಾಡು, ಆಮೇಲೆ ಬಾ ಅಂದ್ರು. ಐದು ತಿಂಗ್ಳಾಯ್ತು. ಹತ್ತು ನಿಮಿಷ ಕೂರಕ್ಕಾಗ್ದವ್ನು ಈಗ ಅರ್ಧ ಗಂಟೆ ಕೂರ್ತೀನಿ, ವಾಸಿಯಾಯ್ತು ಅನ್ನಂಗಿಲ್ಲ. ಕೊಪ್ಪರಿಗೆ ಬಗ್ಗಿಸೋದು ಈ ಸಲ ಅಣ್ಣನ ಮಗನ ಕೆಲ್ಸ, ನಾನು ಪಕ್ಕದಲ್ಲಿ ನಿಂತು ಹದ ಹೇಳೋದಷ್ಟೇ. ಇಷ್ಟರ ಮೇಲೂ ಆಗ್ಲಿಲ್ಲ ಅಂದ್ರೆ ಯುಗಾದಿ ಕಳೆದ್ಮೇಲೆ ಫ್ಯೂಷನ್ನೇ ಮಾಡಿಸ್ತೀನಿ, ಏನಕ್ಕೆ ಮಾಡಿಸ್ತಿದೀನಿ ಅಂತ ಗೊತ್ತಿದ್ದು ಮಾಡಿಸ್ತೀನಿ.

ಸಂಪಾದಕರೇ, ನಿಮ್ಮ ಲೇಖನದಲ್ಲಿ ಈ ಆಪರೇಷನ್ ಯಾರಿಗೆ ಆಗತ್ತೆ ಅಂತ ಅರ್ಧ ಪುಟ ಇತ್ತು, ಯಾರಿಗೆ ಆಗಲ್ಲ ಅಂತ ಒಂದು ಸಾಲೂ ಇರ್ಲಿಲ್ಲ. ಮುಂದಿನ ವಾರ ಜಾಹೀರಾತಿನ ಪಕ್ಕ ಎಲ್ಲಾದ್ರೂ ನಾಕು ಸಾಲಿಗೆ ಜಾಗ ಮಾಡಿ. ಕಟಿಂಗ್ ಶಾಪಲ್ಲಿ ಆ ಹಳೇ ಪೇಪರ್ ಇನ್ನೂ ಮೇಜಿನ ಮೇಲೇ ಇದೆ, ಬಂದವ್ರೆಲ್ಲ ಓದ್ತಿದಾರೆ.

ಇಂತಿ,
ನಿಮ್ಮ ಓದುಗ, ಮದ್ದೂರು ತಾಲ್ಲೂಕಿನ ಒಬ್ಬ ಆಲೆಮನೆಯವ