ಮಧ್ಯಾಹ್ನದ ಬುತ್ತಿಯ ಬಗ್ಗೆ ಅಪ್ಪುವಿಗೆ

ಬದಿಯಡ್ಕ

ಚಿ. ಅಪ್ಪುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಮಧ್ಯಾಹ್ನದ ಅನ್ನ ಪೂರ್ತಿ ಬಿಟ್ಟು ಎರಡು ಬಿಸ್ಕತ್ತು, ಒಂದು ಚಾಯದಲ್ಲಿ ದಿನ ದೂಡುತ್ತಿದ್ದೀ ಅಂತ ನಿನ್ನ ಅಮ್ಮ ಹೇಳಿದಳು. ಶುಗರ್ ಇದೆ ಎಂದು ಗೊತ್ತಾದ ಕೂಡಲೇ ಊಟದ ಕಡೆ ಗಮನ ಕೊಟ್ಟೆಯಲ್ಲ, ಅದು ಸಂತೋಷ. ಆದರೆ ಮಗಾ, ಅನ್ನ ಕಡಿಮೆ ಮಾಡುವುದು ಬೇರೆ, ಊಟ ಬಿಡುವುದು ಬೇರೆ. ಮೊದಲನೆಯದನ್ನು ಖಂಡಿತ ಮಾಡು. ಎರಡನೆಯದು, ಹೊಸಂಗಡಿಯಿಂದ ನೀಲೇಶ್ವರದವರೆಗೆ ಬೈಕಿನಲ್ಲಿ ಅಂಗಡಿ ಅಂಗಡಿ ತಿರುಗಿ ಆರ್ಡರು ಹಿಡಿಯುವ ನಿನಗೆ, ಅಪಾಯ.

ಅಪಾಯ ಯಾಕೆ ಎಂದು ಮೊದಲು ಹೇಳಿಬಿಡುತ್ತೇನೆ. ನಿನ್ನ ಶುಗರ್ ಮಾತ್ರೆಯ ಚೀಟಿಯಲ್ಲಿ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಎರಡೂ ಇವೆ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಶುಗರ್ ತೀರಾ ಕೆಳಗೆ ಇಳಿಯುವುದು ಅಪರೂಪ. ಗ್ಲಿಮಿಪಿರೈಡ್ ಹಾಗಲ್ಲ. ನೀನು ಉಂಡರೂ ಉಣ್ಣದಿದ್ದರೂ ಅದು ದೇಹದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ನಾನು ಆಸ್ಪತ್ರೆ ಡ್ಯೂಟಿಯಲ್ಲಿದ್ದಾಗ, ಬೆಳಗ್ಗೆ ಮಾತ್ರೆ ನುಂಗಿ ಹೊಟ್ಟೆಗೇನೂ ಹಾಕದೆ ತೋಟದ ಕೆಲಸಕ್ಕೆ ಇಳಿದವರನ್ನು ಹೊತ್ತುಕೊಂಡು ಬರುತ್ತಿದ್ದರು. ಮಾತು ತೊದಲುತ್ತದೆ, ಕಾಲು ನಿಲ್ಲುವುದಿಲ್ಲ. ಕುಡಿದಿದ್ದಾನೆ ಎಂದು ದಾರಿಯಲ್ಲಿ ಜನ ಬಯ್ದಿರುತ್ತಾರೆ. ಪರೀಕ್ಷೆ ಮಾಡಿದರೆ ಶುಗರ್ 70ಕ್ಕಿಂತ ಎಷ್ಟೋ ಕೆಳಗೆ. ಅದು ಹೈವೇಯಲ್ಲಿ ಬೈಕಿನ ಮೇಲೆ ಆದರೆ ಏನು ಗತಿ, ನೀನೇ ಯೋಚಿಸು.

ಹಾಗಾಗಿ ಊಟದಲ್ಲಿ ಅಕ್ಕಿ ಇಳಿಸುವ ಮೊದಲು ಡಾಕ್ಟರರಿಗೆ ಹೇಳು. "ಮಧ್ಯಾಹ್ನದ ಅನ್ನ ಅರ್ಧಕ್ಕಿಂತ ಕಡಿಮೆ ಮಾಡುತ್ತಿದ್ದೇನೆ, ಗ್ಲಿಮಿಪಿರೈಡ್ ಇಳಿಸಬೇಕೇ" ಎಂದು ನೇರವಾಗಿ ಕೇಳು. ಮಾತ್ರೆಯನ್ನು ನೀನೇ ನಿಲ್ಲಿಸಬೇಡ. ಮುಂದೆ ಯಾವಾಗಲಾದರೂ ಡಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆ ಬರೆದುಕೊಟ್ಟರೆ ಆಗಲೂ ಊಟದ ವಿಷಯ ತಿಳಿಸಬೇಕು. ಆ ಮಾತ್ರೆ ತಿನ್ನುತ್ತಾ ಅನ್ನ, ರೊಟ್ಟಿ ಎಲ್ಲ ಬಿಟ್ಟವರಿಗೆ, ಶುಗರ್ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಆಮ್ಲ ಏರಿ ವಾಂತಿ, ಏದುಸಿರು ಬರುವುದುಂಟು.

ಇನ್ನು ಅನ್ನದ ಲೆಕ್ಕ. ಬೆಂದ ಅನ್ನ 100 ಗ್ರಾಂ ತಿಂದರೆ ಸುಮಾರು 25ರಿಂದ 28 ಗ್ರಾಂ ಕಾರ್ಬೋಹೈಡ್ರೇಟ್. ಹೋಟೆಲಿನ ಮೀಲ್ಸಿನಲ್ಲಿ ಮೊದಲ ಸಲ ಬಡಿಸುವುದೇ ಅದರ ಎರಡು ಮೂರು ಪಾಲು, ಮತ್ತೆ ಮೇಲಿಂದ ಕೇಳದೆಯೂ ಹಾಕುತ್ತಾರೆ. ಕುಚ್ಚಲಕ್ಕಿಯಾದರೆ ತೊಂದರೆಯಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಬೆಳ್ತಿಗೆ ಅಕ್ಕಿಗಿಂತ ಅದು ಶುಗರನ್ನು ಸ್ವಲ್ಪ ನಿಧಾನವಾಗಿ ಏರಿಸಬಹುದು, ಆದರೆ ತಟ್ಟೆ ತುಂಬ ಉಂಡರೆ ಆ ಲಾಭ ಅಲ್ಲಿಗೇ ಮುಗಿಯಿತು. ಚಪಾತಿಯೂ ಅಷ್ಟೆ. ಸಾಧಾರಣ ಗಾತ್ರದ ಒಂದರಲ್ಲಿ 15ರಿಂದ 20 ಗ್ರಾಂ ಇರುತ್ತದೆ, ನಾಲ್ಕು ತಿಂದವನು ಅನ್ನ ಬಿಟ್ಟೆ ಎಂದು ಹೇಳಿಕೊಳ್ಳುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಮೋಸ ತರಕಾರಿಯ ಹೆಸರಿನಲ್ಲಿ ಬರುತ್ತದೆ: ಮರಗೆಣಸು, ಜೀಗುಜ್ಜೆ, ಕೆಸುವಿನ ಗಡ್ಡೆ, ನೇಂದ್ರ ಬಾಳೆ. ಮರಗೆಣಸಿನಲ್ಲಿ ಅನ್ನಕ್ಕಿಂತಲೂ ಹೆಚ್ಚು ಪಿಷ್ಟ. ಮೀನು ಸಾರಿನ ಜೊತೆ ಅದು ಎಷ್ಟು ರುಚಿ ಎಂದು ನನಗೂ ಗೊತ್ತು, ಆದರೆ ಅದನ್ನು ತಿನ್ನುವ ದಿನ ಅನ್ನ ಇಲ್ಲ ಎಂದು ಇಟ್ಟುಕೊ.

ಬುತ್ತಿ ಮನೆಯಿಂದಲೇ ಒಯ್ಯಬೇಕು, ಇದರಲ್ಲಿ ನಾನು ಹಟದವಳು. ಮಧ್ಯಾಹ್ನ ಒಂದೂವರೆಗೆ ಕುಂಬಳೆ ಪೇಟೆಯಲ್ಲಿ ಹಸಿದುಕೊಂಡು ನಿಂತಾಗ ಪೊರೋಟ ಕಾಯುವ ವಾಸನೆ ಮೂಗಿಗೆ ಬಡಿದರೆ ಯಾರ ವಿವೇಕವೂ ಕೆಲಸ ಮಾಡುವುದಿಲ್ಲ. ಏನು ತಿನ್ನಬೇಕೆಂಬುದು ಬೆಳಗ್ಗೆ ಏಳು ಗಂಟೆಗೇ ತೀರ್ಮಾನ ಆಗಿರಬೇಕು.

ಮೂರು ಗಿಣ್ಣಲಿನ ಬುತ್ತಿಪಾತ್ರೆ ತೆಗೆದುಕೊ. ದೊಡ್ಡ ಗಿಣ್ಣಲಿನಲ್ಲಿ ಪಲ್ಯ, ಅದು ಹೊಟ್ಟೆ ತುಂಬುವಷ್ಟು ಇರಲಿ. ಅಲಸಂಡೆ, ತೊಂಡೆ, ಬಾಳೆದಿಂಡು, ಎಳೆ ಹಲಸಿನ ಗುಜ್ಜೆ, ಹಾಗಲ, ಹಿತ್ತಲಿನ ಬಸಳೆ, ಯಾವುದು ಸಿಗುತ್ತದೋ ಅದು. ನುಗ್ಗೆಸೊಪ್ಪನ್ನು ಒಗ್ಗರಣೆಯಲ್ಲಿ ಬಾಡಿಸಿ ಎರಡು ಮೊಟ್ಟೆ ಒಡೆದು ಹಾಕಿ ತಿರುವಿದರೆ ಐದೇ ನಿಮಿಷದ ಕೆಲಸ, ಸಂಜೆಯವರೆಗೆ ಹಸಿವು ಸುಳಿಯುವುದಿಲ್ಲ. ಮೊಟ್ಟೆಯಲ್ಲಿ ಕಾರ್ಬೋಹೈಡ್ರೇಟ್ ಒಂದು ಗ್ರಾಮೂ ಇಲ್ಲ, ಪ್ರೋಟೀನು 6 ಗ್ರಾಂ. ಎರಡನೆಯ ಗಿಣ್ಣಲಿನಲ್ಲಿ ಕಾವಲಿಯ ಮೇಲೆ ಕಾಯಿಸಿದ ಬಂಗುಡೆಯೋ ಬೂತಾಯಿಯೋ, ರವೆ ಹಚ್ಚದೆ. ಮೀನು ಇಲ್ಲದ ದಿನ ಕಡಲೆ ಅಥವಾ ಹೆಸರುಕಾಳಿನ ಉಸಲಿ. ಕಾಳಿನಲ್ಲಿ ಪಿಷ್ಟ ಇದ್ದೇ ಇದೆ, ಆದ್ದರಿಂದ ಉಸಲಿ ಇರುವ ದಿನ ಅನ್ನ ಇನ್ನೂ ಕಡಿಮೆ. ಚಿಕ್ಕ ಗಿಣ್ಣಲಿನಲ್ಲಿ ಅನ್ನ, ಒಂದು ಮುಷ್ಟಿ ಮಾತ್ರ. ಉಣ್ಣುವಾಗಲೂ ಪಲ್ಯ, ಮೀನು ಮೊದಲು, ಅನ್ನ ಕಡೆಗೆ. ಅದೇ ಊಟವನ್ನು ಈ ಕ್ರಮದಲ್ಲಿ ಉಂಡರೆ ಶುಗರ್ ಏರುವುದು ಕಡಿಮೆ.

ಬುತ್ತಿ ಕಟ್ಟುವವರಿಗೆ ಒಂದು ಮಾತು ಹೇಳು, ಬುತ್ತಿಯ ಪಲ್ಯಕ್ಕೆ ಹಸಿ ಕಾಯಿತುರಿ ಬೇಡ. ಬಿಸಿಲಿನಲ್ಲಿ ಬೈಕಿನ ಬಾಕ್ಸಿನೊಳಗೆ ಅದು ಮಧ್ಯಾಹ್ನಕ್ಕೆ ಹಳಸುತ್ತದೆ. ತುರಿಯನ್ನು ಘಮ ಬರುವವರೆಗೆ ಹುರಿದು ಹಾಕಲಿ. ಆವಿ ಪೂರ್ತಿ ಹೋದ ಮೇಲೆ ಮುಚ್ಚಳ ಹಾಕಬೇಕು, ಇಲ್ಲದಿದ್ದರೆ ಒಳಗೆ ನೀರಾಡಿ ಕೆಡುತ್ತದೆ. ಮಜ್ಜಿಗೆಗೆ ಶುಂಠಿ, ಹಸಿಮೆಣಸು, ಉಪ್ಪು ಹಾಕಿ ಬೇರೆ ಬಾಟಲಿಯಲ್ಲಿ ಕೊಡಲಿ.

ಬುತ್ತಿ ಇಲ್ಲದ ದಿನವೂ ಬರುತ್ತದೆ. ಆಗ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರ ಹೋಟೆಲಾದರೆ ಒಳ್ಳೆಯದು, "ಅನ್ನ ಒಂದು ಸೌಟು ಸಾಕು, ಪಲ್ಯ ಇನ್ನೊಂದು ಸಲ ಹಾಕಿ" ಎಂದರೆ ಬೇಸರವಿಲ್ಲದೆ ಹಾಕುತ್ತಾರೆ. ಆಮ್ಲೆಟ್ ಎಲ್ಲ ಕಡೆ ಸಿಗುತ್ತದೆ. ಪಾಯಸ, ಹಪ್ಪಳ ಕೈಯಾರೆ ಪಕ್ಕಕ್ಕಿಡು.

ಚಾಯದ ವಿಷಯ ನಿನಗೆ ಕಷ್ಟ, ಅದು ನನಗೆ ಅರ್ಥವಾಗುತ್ತದೆ. ಅಂಗಡಿಯವರು ಪ್ರೀತಿಯಿಂದ ಕೊಡುವುದನ್ನು ಬೇಡ ಎನ್ನಲು ಆಗುವುದಿಲ್ಲ. ಹಾಲು, ಸಕ್ಕರೆ ಹಾಕದ ಸುಲೈಮಾನಿ ಚಾಯ ಕೇಳು. ಶುಗರ್ ಇದೆ ಎಂದು ಬಾಯಿಬಿಟ್ಟು ಹೇಳು, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಹೇಳಿದ ಮೇಲೆ ಅವರೇ ಬಾಳೆಹಣ್ಣಿನ ಪಳಂಪೊರಿ ಬಜ್ಜಿಯ ತಟ್ಟೆ ದೂರ ಇಡುತ್ತಾರೆ.

ಕಿಸೆಯಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಯಾವಾಗಲೂ ಇರಲಿ. ಕೈ ನಡುಗಿದರೆ, ತಣ್ಣಗೆ ಬೆವತರೆ, ಕಣ್ಣು ಮಂಜಾದರೆ ಮುಂದಿನ ಅಂಗಡಿವರೆಗೆ ಹೋಗುತ್ತೇನೆ ಎನ್ನಬೇಡ, ಅಲ್ಲೇ ಬದಿಗೆ ನಿಲ್ಲಿಸು. ಮೂರು ಚಮಚ ಪುಡಿ ನೀರಿನಲ್ಲಿ ಕದಡಿ ಕುಡಿ, 15 ನಿಮಿಷ ಬಿಟ್ಟು ಮೀಟರಿನಲ್ಲಿ ನೋಡು, ಇನ್ನೂ 70 ದಾಟದಿದ್ದರೆ ಮತ್ತೊಮ್ಮೆ. ಚಾಕೊಲೇಟು ಅದಕ್ಕೆ ಆಗದು, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಸರಿಯಾದ ಮೇಲೆ ಬುತ್ತಿ ಬಿಚ್ಚಿ ಉಣ್ಣು. ಶುಗರ್ ಸರಿಗೆ ಬಂದು ಮುಕ್ಕಾಲು ಗಂಟೆ ಕಳೆಯದೆ ಬೈಕು ಹತ್ತಬೇಡ. ಆರ್ಡರು ಎಲ್ಲಿಗೂ ಓಡಿ ಹೋಗುವುದಿಲ್ಲ.

ಈ ಊಟ ನಿನಗೆ ಒಗ್ಗಿತೋ ಇಲ್ಲವೋ ಎಂದು ನಾನು ಹೇಳುವುದಲ್ಲ, ಮೀಟರು ಹೇಳಬೇಕು. ಮೊದಲ ತುತ್ತು ಬಾಯಿಗಿಟ್ಟು ಎರಡು ಗಂಟೆಯಾದ ಮೇಲೆ ನೋಡು. ಸಾಮಾನ್ಯವಾಗಿ 180ರ ಒಳಗಿದ್ದರೆ ಸಾಕು ಎನ್ನುತ್ತಾರೆ, ನಿನಗೆ ಎಷ್ಟು ಎಂದು ಡಾಕ್ಟರರಲ್ಲಿ ಕೇಳಿಕೊ. ಪಕ್ಕದಲ್ಲಿ ಏನು ಉಂಡೆ ಎಂದೂ ಬರೆದಿಡು. ಬಸಳೆ, ಮೀನು ಉಂಡ ದಿನದ ಅಂಕಿಯನ್ನು ಹೋಟೆಲಿನ ಊಟದ ದಿನದ್ದರ ಜೊತೆ ಇಟ್ಟು ನೋಡಿದರೆ ಮತ್ತೆ ಯಾರೂ ನಿನಗೆ ಬುದ್ಧಿ ಹೇಳಬೇಕಾಗಿಲ್ಲ. ಸ್ಟ್ರಿಪ್ಪಿನ ಡಬ್ಬಿಯನ್ನು ಬೈಕಿನ ಬಾಕ್ಸಿನಲ್ಲಿ ಬಿಡಬೇಡ, ಬಿಸಿಗೆ ತಪ್ಪು ಅಂಕಿ ತೋರಿಸುತ್ತದೆ.

ಉಂಡ ಕೂಡಲೇ ಬೈಕು ಹತ್ತದೆ ಹತ್ತು ಹದಿನೈದು ನಿಮಿಷ ನಡೆ. ಹತ್ತಿರದ ನಾಲ್ಕು ಅಂಗಡಿಗಳನ್ನು ಆ ಹೊತ್ತಿಗೇ ಇಟ್ಟುಕೊಂಡರೆ ಕೆಲಸವೂ ಆಯಿತು.

ನಮ್ಮಲ್ಲಿ ಒಂದು ಮೀಟರು ಹೊಸತೇ ಇದೆ, ನಿನ್ನ ದೊಡ್ಡಪ್ಪ ನಾಡಿದ್ದು ಕಾಸರಗೋಡಿಗೆ ಬರುವಾಗ ತರುತ್ತಾರೆ. ಅದರ ಜೊತೆಗೆ ಹಿತ್ತಲಿನ ಬಸಳೆ ಒಂದು ಕಟ್ಟು, ಊರ ಕೋಳಿಯ ಮೊಟ್ಟೆ ಒಂದು ಡಜನ್ ಕಳುಹಿಸುತ್ತಿದ್ದೇನೆ. ಸೋಮವಾರ ಲೈನಿಗೆ ಹೊರಡುವ ಮೊದಲು ಡಾಕ್ಟರರನ್ನು ಕಂಡು ಆ ಮಾತ್ರೆಯ ವಿಷಯ ಮುಗಿಸಿಕೊ. ಅಲ್ಲಿಯವರೆಗೆ ಹೊತ್ತು ಹೊತ್ತಿಗೆ ಉಣ್ಣು, ಅನ್ನ ಸ್ವಲ್ಪವಾದರೂ ಸರಿ, ಖಾಲಿ ಹೊಟ್ಟೆಯಲ್ಲಿ ಬೈಕು ಓಡಿಸಬೇಡ.

ನಿನ್ನ ದೊಡ್ಡಮ್ಮ