ಒಂಟಿ ನಳಿಗೆಯ ಟ್ರ್ಯಾಪ್ ಕೋವಿ: ಯಾವ ಆಟಕ್ಕೆ, ಯಾರ ಭುಜಕ್ಕೆ?

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ಹುಟ್ಟಿ ಬೆಳೆದು, ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅಮೆರಿಕದ ಒಹಾಯೊ ರಾಜ್ಯದಲ್ಲಿ ನೆಲೆಸಿರುವ ನಾನು ತಮ್ಮ ಪತ್ರಿಕೆಯನ್ನು ದಿನವೂ ತಪ್ಪದೆ ಓದುತ್ತೇನೆ. ಕೊಡವರ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬದ ದಿನಗಳಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಸುದ್ದಿಗಳು ಪ್ರಕಟವಾದಾಗಲೆಲ್ಲ ಊರಿನಿಂದ ನನಗೆ ಒಂದೆರಡು ಕರೆಗಳು ಬರುತ್ತವೆ. ಈ ಸಲ ಅಕ್ಕನ ಮಗ ಕೇಳಿದ ಪ್ರಶ್ನೆ ಹೀಗಿತ್ತು: “ಮಾವ, ಅಲ್ಲಿ ಟ್ರ್ಯಾಪ್ ಶೂಟಿಂಗ್‌ಗೆ ಒಂದೇ ತೋಟಾ ಹಾಕುವ ಒಂಟಿ ನಳಿಗೆ ಕೋವಿಯನ್ನೇ ದೊಡ್ಡ ದೊಡ್ಡ ಶೂಟರ್‌ಗಳು ಬಳಸುತ್ತಾರಂತೆ. ನಾನೂ ಅಂಥದ್ದನ್ನೇ ತೆಗೆದುಕೊಂಡು ಅಭ್ಯಾಸ ಶುರು ಮಾಡಲೇ?” ಇಲ್ಲಿನ ಶಾಲಾ ತಂಡಗಳಿಗೆ ಮಕ್ಕಳನ್ನು ಸೇರಿಸುತ್ತಿರುವ ಕನ್ನಡ ಕುಟುಂಬದವರೂ ಇದೇ ಪ್ರಶ್ನೆ ಕೇಳುತ್ತಾರೆ. ಒಂದೇ ಪ್ರಶ್ನೆಯಾದರೂ ಇಬ್ಬರಿಗೂ ಕೊಡಬೇಕಾದ ಉತ್ತರ ಬೇರೆ ಬೇರೆ. ಅದನ್ನು ವಿವರಿಸಲು ತಮ್ಮ ಅಂಕಣದಲ್ಲಿ ಸ್ವಲ್ಪ ಹೆಚ್ಚೇ ಜಾಗ ಕೋರುತ್ತಿದ್ದೇನೆ.

ಯಂತ್ರ ಎಸೆಯುವ ಬಿಲ್ಲೆಯನ್ನು ಗಾಳಿಯಲ್ಲೇ ಹೊಡೆದು ಒಡೆಯುವ ಟ್ರ್ಯಾಪ್ ಎಂಬ ಒಂದೇ ಹೆಸರಿನಲ್ಲಿ ಎರಡು ಆಟಗಳಿವೆ ಎಂಬುದನ್ನು ಮೊದಲು ತಿಳಿಯಬೇಕು. ಹಿಂದೆ ಪೆಟ್ಟಿಗೆಯಲ್ಲಿ ಕೂಡಿಟ್ಟ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುತ್ತಿದ್ದರು. ಆ ಪೆಟ್ಟಿಗೆಯ ಹೆಸರೇ ಆಟಕ್ಕೆ ನಿಂತಿತು. ಇದೇ ಒಹಾಯೊದ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ 1880ರಲ್ಲಿ ಮಣ್ಣಿನ ಬಿಲ್ಲೆಯನ್ನು ರೂಪಿಸಿದ ಮೇಲೆ ಹಕ್ಕಿಗಳ ಜಾಗಕ್ಕೆ ಕ್ರಮೇಣ ಬಿಲ್ಲೆಗಳು ಬಂದವು. ಈಗಿನ ಬಿಲ್ಲೆಯಲ್ಲಿ ಮಣ್ಣಿಲ್ಲ. ಸುಣ್ಣಕಲ್ಲಿನ ಪುಡಿಯನ್ನು ಡಾಂಬರಿನಂಥ ಅಂಟಿನಲ್ಲಿ ಕಲಸಿ ಅಚ್ಚು ಹಾಕಿರುತ್ತಾರೆ. ಸುಮಾರು 11 ಸೆಂಟಿಮೀಟರ್ ಅಗಲದ ಈ ಬಿಲ್ಲೆಯನ್ನು ಅಮೆರಿಕದ ಆಟದಲ್ಲಿ ನೆಲಮಟ್ಟದ ಮನೆಯೊಳಗಿನ ಒಂದು ಯಂತ್ರ ಸುಮಾರು 50 ಗಜ ದೂರಕ್ಕೆ ಎಸೆಯುತ್ತದೆ. ಅದರ ಹಿಂದೆ 16 ಗಜದಲ್ಲಿ ಐದು ಜಾಗಗಳಿರುತ್ತವೆ. ಒಂದೊಂದು ಜಾಗದಲ್ಲಿ ಐದರಂತೆ ಒಟ್ಟು 25 ಬಿಲ್ಲೆ, ಪ್ರತಿ ಬಿಲ್ಲೆಗೆ ಒಂದೇ ತೋಟಾ. ಪಳಗಿದವರನ್ನು ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ 27 ಗಜದವರೆಗೂ ಹಿಂದಕ್ಕೆ ತಳ್ಳುತ್ತಾರೆ. ಎರಡನೆಯ ಅವಕಾಶವೇ ಇಲ್ಲದ ಆಟಕ್ಕೆ ಎರಡನೆಯ ನಳಿಗೆ ಏಕೆ ಎಂಬ ನೇರ ತರ್ಕದಿಂದಲೇ ಇಲ್ಲಿ ಒಂಟಿ ನಳಿಗೆಯ ಕೋವಿ ನೂರು ವರ್ಷಕ್ಕೂ ಮೇಲೆ ಬಾಳಿ ಬಂದಿದೆ. ಇಥಾಕಾ, ಪಾರ್ಕರ್, ಎಲ್. ಸಿ. ಸ್ಮಿತ್ ಮುಂತಾದ ಹಳೆಯ ಕಂಪನಿಗಳು ಟ್ರ್ಯಾಪ್‌ಗೆಂದೇ ಇಂಥ ಕೋವಿಗಳನ್ನು ಮಾಡಿದವು. ವಾಷಿಂಗ್ಟನ್ ರಾಜ್ಯದ ಯಾಕಿಮಾ ಊರಿನ ಲ್ಯೂಟಿಕ್ ಅವರ ‘ಮೋನೊ ಗನ್’ ಅನ್ನು ಹಳಬರು ಇಂದಿಗೂ ಗೌರವದಿಂದಲೇ ಮುಟ್ಟುತ್ತಾರೆ.

ಭಾರತದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆಗಲಿ, ಏಷ್ಯನ್ ಗೇಮ್ಸ್ ಆಗಲಿ, ಆಡುವುದು ಒಲಿಂಪಿಕ್ ಮಾದರಿಯ ಟ್ರ್ಯಾಪ್. ಅಲ್ಲಿ ಶೂಟರ್‌ಗಳ ಮುಂದಿನ ಹಳ್ಳದಲ್ಲಿ 15 ಯಂತ್ರಗಳಿರುತ್ತವೆ. ಬಿಲ್ಲೆ 76 ಮೀಟರ್ ಹೋಗುವಷ್ಟು ರಭಸದಲ್ಲಿ, 45 ಡಿಗ್ರಿಯವರೆಗಿನ ಓರೆಯಲ್ಲಿ ಚಿಮ್ಮುತ್ತದೆ. ತೋಟಾದಲ್ಲಿ 24 ಗ್ರಾಂಗಿಂತ ಹೆಚ್ಚು ಚರೆ ಇರುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಹತಾ ಸುತ್ತಿನಲ್ಲಿ ಮೊದಲ ಏಟು ತಪ್ಪಿದರೆ ಅದೇ ಬಿಲ್ಲೆಗೆ ಎರಡನೆಯ ತೋಟಾ ಹೊಡೆಯಬಹುದು, ಒಡೆದರೆ ಅಂಕವೂ ಪೂರ್ಣವಾಗಿ ಸಿಗುತ್ತದೆ. 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದ ಬಿಕಾನೇರಿನ ಕರ್ಣಿ ಸಿಂಗ್, 2006ರಲ್ಲಿ ಜಾಗ್ರೆಬ್‌ನಲ್ಲಿ ವಿಶ್ವ ಚಾಂಪಿಯನ್ ಆದ ಮಾನವ್‌ಜಿತ್ ಸಿಂಗ್ ಸಂಧು, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ಹೈದರಾಬಾದಿನ ಕೈನಾನ್ ಚೆನಾಯ್ ಇವರೆಲ್ಲರ ಆಟ ಇದು. ಈ ಹಾದಿಯಲ್ಲಿ ಹೋಗಬೇಕೆಂಬ ಹುಡುಗ ಒಂಟಿ ನಳಿಗೆಯ ಕೋವಿ ಕೊಂಡರೆ, ಪಕ್ಕದವನಿಗೆ ಎರಡು ಅವಕಾಶಗಳಿರುವ ಕಣದಲ್ಲಿ ತಾನು ಒಂದನ್ನು ಮನೆಯಲ್ಲೇ ಬಿಟ್ಟು ಬಂದಂತೆ. ಅವನಿಗೆ ಬೇಕಾದದ್ದು ಒಂದರ ಮೇಲೊಂದು ನಳಿಗೆ ಇರುವ ‘ಓವರ್-ಅಂಡರ್’ ಕೋವಿ. ಅದರಲ್ಲಿ ಎರಡು ನಳಿಗೆಗೂ ಬೇರೆ ಬೇರೆ ಚೋಕ್ (ಚರೆಯ ಹರವನ್ನು ಹಿಡಿತದಲ್ಲಿಡುವ, ಮೂತಿಯೊಳಗಿನ ಬಿಗಿತ) ಹಾಕಿ, ಹತ್ತಿರದ ಮೊದಲ ಏಟಿಗೆ ತುಸು ಸಡಿಲ, ದೂರದ ಎರಡನೆಯ ಏಟಿಗೆ ಬಿಗಿ ಎಂದು ಹೊಂದಿಸಿಕೊಳ್ಳಬಹುದು. ಅಕ್ಕನ ಮಗನಿಗೆ ನಾನು ಹೇಳಿದ್ದು ಇಷ್ಟನ್ನೇ. ಅವನಿಗೆ ಬೇಸರವಾಯಿತು; ಆದರೆ ದುಡ್ಡು ಕೊಟ್ಟ ಮೇಲೆ ಆಗುವ ಬೇಸರಕ್ಕಿಂತ ಇದು ಚಿಕ್ಕದು.

ಇನ್ನು ಅಮೆರಿಕದ ಆಟವನ್ನೇ ಆಡುವವರ ವಿಷಯ. ಇಲ್ಲಿ ಒಂಟಿ ನಳಿಗೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದರ ನಳಿಗೆ 32 ಅಥವಾ 34 ಅಂಗುಲ ಉದ್ದವಿರುತ್ತದೆ. ತೂಕ ಎಂಟು ಪೌಂಡಿನ ಮೇಲೆ, ಅಂದರೆ ಮೂರೂವರೆ ಕಿಲೋಗಿಂತ ಹೆಚ್ಚು. ಮೂತಿಯ ಕಡೆ ಆ ಭಾರ ಇರುವುದರಿಂದ ಬಿಲ್ಲೆಯ ಹಿಂದೆ ಕೋವಿಯನ್ನು ಬೀಸುವ ತೂಗು ಒಮ್ಮೆ ಹೊರಟರೆ ನಡುವೆ ನಿಲ್ಲುವುದಿಲ್ಲ. ತೂಗು ನಿಂತಲ್ಲೇ ಬಿಲ್ಲೆ ತಪ್ಪುತ್ತದೆ ಎಂಬುದನ್ನು ಈ ಆಟ ಆಡಿದ ಪ್ರತಿಯೊಬ್ಬರೂ ಬಲ್ಲರು. ಯಂತ್ರಭಾಗಗಳು ಕಡಿಮೆ ಇರುವುದರಿಂದ ಒಳ್ಳೆಯ ಓವರ್-ಅಂಡರ್‌ಗಿಂತ ಬೆಲೆಯೂ ಕಡಿಮೆ. ಸ್ವಯಂಚಾಲಿತ ಕೋವಿಯಂತೆ ಹೊಡೆದ ತೋಟಾದ ಖಾಲಿ ಕೊಳವೆಯನ್ನು ಬಲಗಡೆಯವರ ಮೇಲೆ ಎಸೆಯುವುದಿಲ್ಲ. ಒಂದು ಮಿತಿಯನ್ನು ಮಾತ್ರ ನೆನಪಿಡಬೇಕು: ಏಕಕಾಲಕ್ಕೆ ಎರಡು ಬಿಲ್ಲೆ ಹಾರುವ ‘ಡಬಲ್ಸ್’ ಆಟಕ್ಕೆ ಇದು ಬಾರದು. 16 ಗಜ, ಹ್ಯಾಂಡಿಕ್ಯಾಪ್, ಡಬಲ್ಸ್ ಈ ಮೂರೂ ಬಗೆಯನ್ನು ಆಡುವವರು ಒಂದೇ ಸ್ಟಾಕಿಗೆ (ಭುಜಕ್ಕೂ ಕೆನ್ನೆಗೂ ಒರಗುವ ಮರದ ಭಾಗಕ್ಕೆ) ಜೋಡಿ ನಳಿಗೆಯನ್ನೂ ಒಂಟಿ ನಳಿಗೆಯನ್ನೂ ಬದಲಿಸಿ ಹಾಕುವ ‘ಕಾಂಬೊ’ ಕೊಳ್ಳುತ್ತಾರೆ, ಅದಕ್ಕೆ ಜೇಬು ದಪ್ಪವಿರಬೇಕು.

ಕೋವಿಯ ಹೆಸರು, ಕೆತ್ತನೆ, ಮರದ ಗೆರೆ ಇವನ್ನು ನೋಡಿ ಮರುಳಾಗಿ ನಾನೇ ಒಮ್ಮೆ ಕೆಟ್ಟೆ. ಸುಮಾರು ಹನ್ನೆರಡು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಹೆಸರಾಂತ ಕಂಪನಿಯ ಹಳೆಯ ಒಂಟಿ ನಳಿಗೆ ಕೋವಿ ಮಾರಾಟಕ್ಕಿತ್ತು. ಮೊದಲಿನ ಯಜಮಾನರು ಆರಡಿಗೂ ಮೀರಿದ ಆಳಂತೆ. ನಾನು ಐದೂವರೆ ಅಡಿ. ಅಂಗಡಿಯವರು ಅದನ್ನು ನನ್ನ ಭುಜಕ್ಕೆ ಇರಿಸಿ ನೋಡಿ “ನಿಮಗೆಂದೇ ಮಾಡಿದಂತಿದೆ” ಎಂದರು, ನಾನು ನಂಬಿದೆ. ಒಂದು ತಿಂಗಳಾಗುವಷ್ಟರಲ್ಲಿ ಬಲಗೆನ್ನೆಯ ಮೂಳೆಯ ಮೇಲೆ ಕಪ್ಪು ಕಲೆ ಕಟ್ಟಿತು. ಸುಲಭದ ನೇರ ಬಿಲ್ಲೆಗಳೇ ತಪ್ಪತೊಡಗಿದವು. ತಪ್ಪು ನನ್ನ ಕಣ್ಣಿನದೆಂದು ತಿಳಿದು ಕನ್ನಡಕವನ್ನೂ ಬದಲಿಸಿದೆ.

ಕೊನೆಗೆ ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ನನ್ನನ್ನು ಮೈದಾನದ ಅಂಚಿಗೆ ಕರೆದೊಯ್ದು, ಚೌಕಟ್ಟಿಗೆ ಆಳೆತ್ತರದ ಬಿಳಿ ಕಾಗದ ಹಚ್ಚಿ, ನಡುವೆ ಮಸಿಯಿಂದ ನಿಂಬೆಹಣ್ಣಿನಷ್ಟು ಚುಕ್ಕೆ ಇಟ್ಟರು. 40 ಗಜದಿಂದ ಆ ಚುಕ್ಕೆಗೆ ಗುರಿಯಿಟ್ಟು ಮೂರು ತೋಟಾ ಹೊಡೆಯಲು ಹೇಳಿದರು, ಪ್ರತಿ ಸಲವೂ ಹೊಸ ಕಾಗದ. ಮೊದಲನೆಯ ಕಾಗದದಲ್ಲಿ ಚರೆಗಳ ಹರವಿನ ನಡು ಚುಕ್ಕೆಗಿಂತ ಒಂದೂವರೆ ಅಡಿ ಮೇಲಿತ್ತು. ಎರಡನೆಯದರಲ್ಲಿ ಒಂದು ಗೇಣು. ಮೂರನೆಯದರಲ್ಲಿ ಮತ್ತೆ ಮೇಲೆ, ಅದೂ ಬಲಕ್ಕೆ ವಾಲಿಕೊಂಡು. ಅವರು ಕಾಗದಗಳನ್ನು ಒಂದರ ಪಕ್ಕ ಒಂದು ಹಾಸಿ, “ಕೋವಿ ಸರಿಯಿದೆ, ನಿಮ್ಮ ಕೆನ್ನೆಗೆ ಒರಗಲು ಜಾಗವಿಲ್ಲ” ಎಂದರು. ಸ್ಟಾಕಿನ ಮೇಲಂಚು ನನ್ನ ಮುಖಕ್ಕೆ ತೀರ ತಗ್ಗಾಗಿತ್ತು. ನಳಿಗೆಯ ಮೇಲಿನ ಪಟ್ಟಿ ಕಾಣಲೆಂದು ನನಗೆ ಅರಿವಿಲ್ಲದೆ ಪ್ರತಿ ಸಲವೂ ಕೆನ್ನೆಯನ್ನು ಮರದಿಂದ ಎತ್ತುತ್ತಿದ್ದೆ. ತಲೆ ಎದ್ದಷ್ಟೂ ಚರೆ ಮೇಲೆ ಹೋಗುತ್ತದೆ, ಆ ಸಂದಿನಲ್ಲಿ ಕೋವಿ ಒದ್ದಾಗ ಮರ ಹಾರಿ ಬಂದು ಕೆನ್ನೆಗೆ ಬಡಿಯುತ್ತದೆ. ಚರೆ ಮೇಲೆ ಹೋಗುವುದೇ ದೋಷವಾಗಿದ್ದರೆ ಪಟ್ಟಿಯನ್ನು ಏರಿಳಿಸಿ ಸರಿಪಡಿಸಬಹುದಿತ್ತು. ಒಂದೊಂದು ಏಟಿಗೆ ಒಂದೊಂದು ಕಡೆ ಹೋಗುವುದಕ್ಕೆ ಪಟ್ಟಿಯಲ್ಲಿ ಮದ್ದಿಲ್ಲ. ಸ್ಟಾಕನ್ನು ಮುಕ್ಕಾಲು ಅಂಗುಲ ಕತ್ತರಿಸಿ, ಕೆನ್ನೆಯ ಭಾಗವನ್ನು ಬೇರ್ಪಡಿಸಿ ಕೆಳಗೆ ವಾಷರ್ ಕೊಟ್ಟು ಎತ್ತರಿಸಿದ ಮೇಲೆ ನೋವೂ ನಿಂತಿತು, ಬಿಲ್ಲೆಯೂ ಒಡೆಯಿತು.

ಹಾಗಾಗಿ ಕೊಳ್ಳುವವರಿಗೆ ನನ್ನ ಬಿನ್ನಹ ಇದು. ಕೋವಿ ಖಾಲಿ ಇದೆಯೆಂದು ಎರಡು ಬಾರಿ ನೋಡಿ ಖಚಿತಪಡಿಸಿಕೊಂಡು, ಸುರಕ್ಷಿತ ದಿಕ್ಕಿಗೆ ಮುಖಮಾಡಿ, ಕಣ್ಣು ಮುಚ್ಚಿ ಅದನ್ನು ಭುಜಕ್ಕೇರಿಸಿ, ಕೆನ್ನೆಯನ್ನು ಮರಕ್ಕೆ ಒತ್ತಿ, ಆಮೇಲೆ ಕಣ್ಣು ತೆರೆಯಬೇಕು. ತಲೆಯನ್ನು ಕೂದಲೆಳೆಯಷ್ಟೂ ಅಲುಗಿಸದೆ ನೋಡಿದಾಗ ಪಟ್ಟಿಯ ನಡುವಿನ ಗುರಿಮಣಿಯ ಮೇಲೆ ಮೂತಿಯ ಗುರಿಮಣಿ ಕುಳಿತು 8ರ ಆಕಾರ ಕಂಡರೆ, ಆ ಕೋವಿಯ ಬಗ್ಗೆ ಮುಂದಿನ ಮಾತು ಆಡಬಹುದು. ಟ್ರ್ಯಾಪ್ ಬಿಲ್ಲೆ ಯಾವಾಗಲೂ ಏರುತ್ತಲೇ ಇರುವುದರಿಂದ ಈ ಕೋವಿಗಳನ್ನು ಗುರಿಗಿಂತ ತುಸು ಮೇಲಕ್ಕೆ ಹೊಡೆಯುವಂತೆಯೇ ಕಟ್ಟಿರುತ್ತಾರೆ. ಹರವಿನ ನೂರರಲ್ಲಿ ಅರವತ್ತೋ ಎಪ್ಪತ್ತೋ ಪಾಲು ಗುರಿಯ ಮೇಲೆ, ಉಳಿದದ್ದು ಕೆಳಗೆ. ಬಿಲ್ಲೆಯನ್ನು ನಳಿಗೆಯಿಂದ ಮುಚ್ಚದೆ, ಮೂತಿಯ ಮೇಲೆ ತೇಲುತ್ತಿರುವಂತೆ ಕಾಣುತ್ತಲೇ ಹೊಡೆಯಲು ಇದರಿಂದ ಸಾಧ್ಯವಾಗುತ್ತದೆ. ಎಷ್ಟು ಮೇಲೆ ಎಂಬುದು ಹೊಡೆಯುವವರ ವೇಗಕ್ಕೆ ಬಿಟ್ಟದ್ದು. ಹೊಸಬರಿಗೆ ಅರವತ್ತು-ನಲವತ್ತು ಸಾಕೆಂಬುದು ನನ್ನ ಅಭಿಪ್ರಾಯ. ಪಟ್ಟಿಯನ್ನೂ ಕೆನ್ನೆಯ ಭಾಗವನ್ನೂ ತಿರುಪಿನಿಂದ ಏರಿಳಿಸಬಹುದಾದ ಕೋವಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ, ಬೆಳೆಯುವ ಮಕ್ಕಳಿಗಂತೂ ಅದೇ ಸರಿ. ಚೋಕ್ ಬಗ್ಗೆ ನಡೆಯುವಷ್ಟು ವಾದ ಅಗತ್ಯವಿಲ್ಲ: 16 ಗಜಕ್ಕೆ ನಡುಮಟ್ಟದ ಬಿಗಿಯ ಮಾಡಿಫೈಡ್ ಇಲ್ಲವೇ ತುಸು ಹೆಚ್ಚು ಬಿಗಿಯ ಇಂಪ್ರೂವ್ಡ್ ಮಾಡಿಫೈಡ್, 27 ಗಜಕ್ಕೆ ಇನ್ನೂ ಬಿಗಿಯಾದ ಫುಲ್.

ಹೆಸರು ಹೇಳಿ ಎಂದು ಕೇಳುವವರಿಗೆ ಬ್ರೌನಿಂಗ್ ಬಿಟಿ-99 ಎನ್ನುತ್ತೇನೆ. ಜಪಾನಿನ ಮಿರೋಕು ಕಾರ್ಖಾನೆಯಲ್ಲಿ ತಯಾರಾಗುವ ಈ ಕೋವಿ 1960ರ ದಶಕದ ಕೊನೆಯಿಂದ ಬಳಕೆಯಲ್ಲಿದೆ, ಬಿಡಿಭಾಗ ಸಿಗುತ್ತದೆ, ಮತ್ತೆ ಮಾರಿದರೆ ಬೆಲೆ ಬರುತ್ತದೆ. ಇಟಲಿಯ ಪೆರಾಜಿ, ಜರ್ಮನಿಯ ಕ್ರೀಗ್‌ಹಾಫ್ ಸೊಗಸಾದವೇ. ಆದರೆ ಅವುಗಳಲ್ಲಿ ಹೆಚ್ಚಿನ ಹೊಸ ಕೋವಿಗಳ ಬೆಲೆ ಹತ್ತು ಸಾವಿರ ಡಾಲರ್ ದಾಟುತ್ತದೆ, ಮೊದಲ ವರ್ಷದಲ್ಲಿ ಆ ಹಣವನ್ನು ತೋಟಾಗಳಿಗೂ ಅಭ್ಯಾಸಕ್ಕೂ ಹಾಕುವುದು ಮೇಲು. ನನ್ನ ಮಗಳು ಶಾಲಾ ತಂಡ ಸೇರಿದಾಗ ಹಳೆಯ ಬಿಟಿ-99 ಒಂದರ ಸ್ಟಾಕನ್ನು ಅವಳ ಅಳತೆಗೆ ಕತ್ತರಿಸಿ, ಕತ್ತರಿಸಿದ ತುಂಡನ್ನು ಜೋಪಾನವಾಗಿಟ್ಟು, ತೋಟಾವನ್ನೂ 32 ಗ್ರಾಂ ಚರೆಯದರ ಬದಲು 24 ಗ್ರಾಂನದು ಕೊಟ್ಟೆವು. ಮೊದಲ ದಿನ 25ರಲ್ಲಿ 9 ಒಡೆದಳು, ಆ ಋತುವಿನ ಕೊನೆಗೆ 21. ಅವಳು ಎತ್ತರವಾದಂತೆ ಆ ತುಂಡಿನ ಅರ್ಧ ಮತ್ತೆ ಸ್ಟಾಕಿಗೆ ಸೇರಿದೆ.

ಬಿಟಿ-99ಕ್ಕೆ ಸೇಫ್ಟಿ ಕೀಲಿ ಇಲ್ಲ ಎಂಬುದನ್ನು ಪೋಷಕರು ಮುಖ್ಯವಾಗಿ ತಿಳಿದಿರಬೇಕು. ಅದನ್ನು ಮಾಡಿರುವುದೇ ಮೈದಾನದಲ್ಲಿ ತನ್ನ ಸರದಿ ಬಂದಾಗ ಮಾತ್ರ ತೋಟಾ ತುಂಬುವವರಿಗಾಗಿ. ಉಳಿದ ಹೊತ್ತೆಲ್ಲ ಕೋವಿಯನ್ನು ನಡುವೆ ಬಾಗಿಸಿ ತೆರೆದೇ ಇಟ್ಟಿರಬೇಕು, ನಳಿಗೆಯ ತೂತಿನಿಂದ ಆಚೆಯ ಬೆಳಕು ಎಲ್ಲರಿಗೂ ಕಾಣಬೇಕು. ತೋಟಾ ತುಂಬಿ ಹೆಗಲಿಗೇರಿಸಿ ಕಾಡಿಗೆ ಹೋಗಲು ಇದು ಕೋವಿಯೇ ಅಲ್ಲ.

ಈ ಕಾರಣಕ್ಕಾಗಿಯೇ ಊರಿನವರಿಗೆ ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಅಜ್ಜಂದಿರ ಕಾಲದಿಂದ ಇರುವ ಒಂಟಿ ನಳಿಗೆಯ ತೋಟಾ ಕೋವಿಗೂ ಈ ಟ್ರ್ಯಾಪ್ ಕೋವಿಗೂ ನಳಿಗೆ ಒಂದು ಎಂಬುದನ್ನು ಬಿಟ್ಟರೆ ಹೋಲಿಕೆ ಕಡಿಮೆ. ತೋಟದಲ್ಲಿ ದಿನವಿಡೀ ಹೊತ್ತು ನಡೆಯಲೆಂದು ಹಗುರ ಮಾಡಿದ ಆ ಕೋವಿಯಲ್ಲಿ ಸಾಲಾಗಿ ನೂರು ತೋಟಾ ಹೊಡೆದರೆ ಭುಜ ಒಂದು ವಾರ ಏಳುವುದಿಲ್ಲ; ಅಷ್ಟರಲ್ಲಿ ಒದೆತಕ್ಕೆ ಹೆದರಿ ಕಣ್ಣು ಮುಚ್ಚುವ ಅಭ್ಯಾಸವೂ ಅಂಟಿರುತ್ತದೆ, ಅದು ಬಿಡಿಸಲು ಬಹಳ ಕಷ್ಟದ ಅಭ್ಯಾಸ. “ಬರುವಾಗ ಅಲ್ಲಿಂದ ಒಂದು ತರುತ್ತೀರಾ?” ಎಂದು ಕೇಳುವವರೂ ಇದ್ದಾರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ, ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿರುವ ಲೈಸೆನ್ಸ್ ವಿನಾಯಿತಿ ಬೇರೆ, ವಿದೇಶದಿಂದ ಕೋವಿ ತರುವ ಕಾನೂನು ಬೇರೆ. ಪೆಟ್ಟಿಗೆಯಲ್ಲಿಟ್ಟು ತರುವ ಸಾಮಾನು ಅದಲ್ಲ.

ತಮ್ಮಲ್ಲಿ ನನ್ನದೊಂದು ಕೋರಿಕೆ. ಕ್ರೀಡಾಪುಟದಲ್ಲಿ ಟ್ರ್ಯಾಪ್ ಸ್ಪರ್ಧೆಯ ವರದಿ ಬರುವಾಗ ಅದು ಒಲಿಂಪಿಕ್ ಮಾದರಿಯದೋ ಅಮೆರಿಕದ ಮಾದರಿಯದೋ ಎಂಬ ಒಂದು ಪದವನ್ನು ಸೇರಿಸಿ. ಪ್ರತಿ ವರ್ಷ ಆಗಸ್ಟ್‌ನಲ್ಲಿ ಇಲಿನಾಯ್ಸ್‌ನ ಸ್ಪಾರ್ಟಾದಲ್ಲಿ ನಡೆಯುವ ಗ್ರ್ಯಾಂಡ್ ಅಮೆರಿಕನ್ ಕೂಟದ ಚಿತ್ರಗಳಲ್ಲಿ ಉದ್ದ ನಳಿಗೆಯ ಆ ಕೋವಿಗಳನ್ನು ಕಂಡು ಊರಿನ ಹುಡುಗರು ಆಸೆಪಡುವುದು ಸಹಜ. ತಾವು ಆಡಲಿರುವ ಆಟ ಅದೇ ಅಲ್ಲವೆಂದು ಅವರಿಗೆ ಆ ಒಂದು ಪದದಿಂದಲೇ ತಿಳಿಯುತ್ತದೆ. ಅಕ್ಕನ ಮಗ ಈಗ ಕೊಳ್ಳುವುದನ್ನು ಮುಂದಕ್ಕೆ ಹಾಕಿ, ರೇಂಜಿನಲ್ಲಿ ಬೇರೆಯವರ ಓವರ್-ಅಂಡರ್ ಕೋವಿಯಲ್ಲಿ ತರಬೇತುದಾರರ ಕೈಕೆಳಗೆ ಕಲಿಯುತ್ತಿದ್ದಾನೆ. ಅವನ ಭುಜದಿಂದ ಬೆರಳಿನವರೆಗಿನ ಅಳತೆಯನ್ನು ಬರೆದು ಕಳಿಸಲು ಹೇಳಿದ್ದೇನೆ.

ತಮ್ಮ ವಿಶ್ವಾಸಿ,
ಕೊಡಗು ಮೂಲದ ಓದುಗ, ಒಹಾಯೊ, ಅಮೆರಿಕ