ಹೂವರ್ ಅಣೆಕಟ್ಟಿನ ಸುರಂಗದಲ್ಲಿ ಸತ್ತವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಹೂವರ್ ಅಣೆಕಟ್ಟನ್ನು ನೋಡಿಕೊಳ್ಳುವ ಅಮೆರಿಕ ಸರ್ಕಾರದ ಇಂಟೀರಿಯರ್ ಇಲಾಖೆಯ ಕಾರ್ಯದರ್ಶಿಗಳಿಗೆ,

ನಮಸ್ಕಾರ. ನಾನು ಹುಟ್ಟಿದ್ದು ಹೊಸಪೇಟೆಯಲ್ಲಿ, ಈಗ ಇರುವುದು ನೆವಾಡಾದ ಹೆಂಡರ್ಸನ್‌ನಲ್ಲಿ. ನಮ್ಮಜ್ಜ ತುಂಗಭದ್ರಾ ಅಣೆಕಟ್ಟಿಗೆ ಕಲ್ಲು ಹೊತ್ತವರು. ಈಗ ನಮ್ಮ ಮನೆಯ ನಲ್ಲಿಗೆ ಬರುವುದು ಹೂವರ್ ಅಣೆಕಟ್ಟು ತಡೆದು ನಿಲ್ಲಿಸಿದ ಕೊಲೊರಾಡೊ ನದಿಯ ನೀರು. ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಲಾಸ್ ವೇಗಾಸ್‌ಗೆ ಬಂದಾಗ ಅಣೆಕಟ್ಟು ನೋಡಿಕೊಂಡು ಹೋಗುವ ನಮ್ಮ ಜನರೂ ಓದಲಿ ಅಂತ ಕನ್ನಡದಲ್ಲೂ ಬರೆಯುತ್ತಿದ್ದೇನೆ.

1931ರಲ್ಲಿ ಕೆಲಸ ಶುರುವಾದಾಗ ದೇಶದ ತುಂಬ ನಿರುದ್ಯೋಗ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದವರು ನದಿ ದಂಡೆಯ ರ‍್ಯಾಗ್‌ಟೌನ್‌ನಲ್ಲಿ ಡೇರೆ, ರಟ್ಟಿನ ಗುಡಿಸಲು ಹಾಕಿಕೊಂಡು ಇದ್ದರು. ಆ ಬೇಸಿಗೆಯಲ್ಲಿ ಅಣೆಕಟ್ಟು ಕಟ್ಟುತ್ತಿದ್ದ ಕಣಿವೆಯಾದ ಬ್ಲ್ಯಾಕ್ ಕ್ಯಾನ್ಯನ್‌ನಲ್ಲಿ 48 ಡಿಗ್ರಿ ಬಿಸಿಲು. ಒಂದೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಬಿಸಿಲ ಝಳಕ್ಕೇ ಸತ್ತರು. ಆಗಸ್ಟ್‌ನಲ್ಲಿ ಮುಷ್ಕರ ಹೂಡಿದವರ ಬೇಡಿಕೆಗಳಲ್ಲಿ ಕುಡಿಯಲು ತಣ್ಣನೆಯ ಶುದ್ಧ ನೀರೂ ಒಂದು. ಅಷ್ಟು ದೊಡ್ಡ ನದಿಯ ಪಕ್ಕದಲ್ಲಿ ನಿಂತು ನೀರು ಕೊಡಿ ಅಂತ ಕೇಳಬೇಕಾಯಿತು.

ಬಂಡೆಯ ಮೇಲಿನಿಂದ ಹಗ್ಗದಲ್ಲಿ ಇಳಿದು ಸಡಿಲ ಕಲ್ಲು ಉರುಳಿಸುತ್ತಿದ್ದವರ ಕಂಚಿನ ಪ್ರತಿಮೆ ಅಲ್ಲಿದೆ, ಚೆನ್ನಾಗಿದೆ. ಮೇಲಿನಿಂದ ಬೀಳುವ ಕಲ್ಲಿಗೆ ತಲೆ ಒಡೆಯದಿರಲಿ ಅಂತ ಅವರು ಬಟ್ಟೆ ಟೋಪಿಯನ್ನು ಟಾರಿನಲ್ಲಿ ಅದ್ದಿ, ಒಣಗಿಸಿ, ಗಟ್ಟಿ ಮಾಡಿಕೊಂಡು ಹಾಕುತ್ತಿದ್ದರು. ಹೆಲ್ಮೆಟ್ಟನ್ನು ಯಾರೂ ಕೊಟ್ಟಿರಲಿಲ್ಲ, ತಾವೇ ಮಾಡಿಕೊಂಡಿದ್ದು.

ಆದರೆ ನಾನು ಬರೆಯುತ್ತಿರುವುದು ಸುರಂಗದವರ ಬಗ್ಗೆ. ಅಣೆಕಟ್ಟು ಕಟ್ಟುವ ಮೊದಲು ನದಿಯನ್ನು ಬೇರೆ ಕಡೆ ತಿರುಗಿಸಬೇಕಿತ್ತು. ಅದಕ್ಕೆ ಬಂಡೆಯೊಳಗೆ ನಾಲ್ಕು ದೊಡ್ಡ ಸುರಂಗ ಕೊರೆದರು. ಗಣಿಗಳ ಒಳಗೆ ಪೆಟ್ರೋಲ್ ಎಂಜಿನ್ ಓಡಿಸಬಾರದು ಅಂತ ನೆವಾಡಾದ ಕಾನೂನಿತ್ತು. ಗುತ್ತಿಗೆ ಕಂಪನಿ ಕೋರ್ಟಿಗೆ ಹೋಗಿ ಅದನ್ನು ತಡೆಸಿತು. ಕಾದ ಕುಲುಮೆಯಂಥ ಸುರಂಗದಲ್ಲಿ ಲಾರಿಗಳು ಸಾಲಾಗಿ ಓಡಾಡಿದವು. ಆ ಹೊಗೆಯಲ್ಲೇ ಕೆಲಸ. ಕಾರ್ಬನ್ ಮೊನಾಕ್ಸೈಡ್ ಕುಡಿದು ಜನ ಕುಸಿದರು. 42 ಜನರ ಸಾವಿಗೆ ಕಾರಣ ನ್ಯುಮೋನಿಯಾ ಅಂತ ದಾಖಲಾಯಿತು. ನ್ಯುಮೋನಿಯಾ ಅಂದರೆ ಕಾಯಿಲೆ, ಕೆಲಸದ ಅಪಘಾತ ಅಲ್ಲ. ಹಾಗಾಗಿ ಪರಿಹಾರವೂ ಇಲ್ಲ. ಬದುಕಿ ಉಳಿದವರು ಹೊಗೆಯೇ ಕಾರಣ ಅಂತ ಕೇಸು ಹಾಕಿದರು. ಕೊನೆಗೆ 1936ರಲ್ಲಿ 50 ಜನರ ಜೊತೆ ಕಂಪನಿ ಕೋರ್ಟಿನ ಹೊರಗೇ ರಾಜಿ ಮಾಡಿಕೊಂಡಿತು. ಎಷ್ಟು ಕೊಟ್ಟರು ಅಂತ ಹೊರಗೆ ಬರಲೇ ಇಲ್ಲ.

ಇವತ್ತಿಗೂ ನಿಮ್ಮ ಲೆಕ್ಕದಲ್ಲಿ ಇರುವುದು 96 ಸಾವು. ನ್ಯುಮೋನಿಯಾ ಅಂತ ಬರೆಸಿಕೊಂಡವರು ಅದರಲ್ಲಿ ಸೇರಿಲ್ಲ.

ಮರುಭೂಮಿ ಅರಳಲಿ ಅಂತ ಇವರು ಪ್ರಾಣ ಕೊಟ್ಟರು, ದೇಶ ಅವರನ್ನು ಮರೆಯುವುದಿಲ್ಲ, ಅಂತ ಅಲ್ಲಿನ ಸ್ಮಾರಕ ಫಲಕದಲ್ಲಿ ಬರೆದಿದೆ. ಮೊದಲ ಸಲ ಓದಿದಾಗ ನನಗೆ ಗಂಟಲು ಕಟ್ಟಿತು. ಆಮೇಲೆ ಹೆಸರು ಹುಡುಕಿದೆ. ಒಂದೂ ಇಲ್ಲ. ಕೆಲಸಗಾರರ ಜೊತೆ ಓಡಾಡಿಕೊಂಡಿದ್ದ ನಾಯಿಗೆ ಅಲ್ಲೇ ಸಮಾಧಿ ಇದೆ, ಫಲಕವೂ ಇದೆ. ಇರಲಿ, ಅವರು ಪ್ರೀತಿಸಿದ ನಾಯಿ ಅದು. ಅದನ್ನು ಪ್ರೀತಿಸಿದವರ ಹೆಸರೂ ಇರಬೇಕಲ್ವಾ?

ಕಾಂಕ್ರೀಟಿನೊಳಗೆ ಹೆಣ ಇದೆಯಂತೆ, ನಿಜವಾ ಅಂತ ನೋಡಲು ಬಂದವರು ಕೇಳುತ್ತಾರೆ. ಇಲ್ಲ. ಕಾಂಕ್ರೀಟನ್ನು ತುಂಡು ತುಂಡಾಗಿ, ತೆಳುವಾದ ಪದರಗಳಲ್ಲಿ ಹಾಕಿದ್ದರಿಂದ ಅದರಲ್ಲಿ ಯಾರೂ ಮುಳುಗುವ ಹಾಗಿರಲಿಲ್ಲ. ಸುಳ್ಳು ಕತೆ ಎಲ್ಲರಿಗೂ ಗೊತ್ತು, ಸುರಂಗದ ನಿಜ ಗೊತ್ತಿರುವವರು ಕಡಿಮೆ.

2031ಕ್ಕೆ ಕೆಲಸ ಶುರುವಾಗಿ 100 ವರ್ಷ. ಅಷ್ಟರೊಳಗೆ ಆ ಫಲಕದ ಪಕ್ಕದಲ್ಲಿ ಒಂದು ಕಲ್ಲು ನಿಲ್ಲಿಸಿ. 96 ಜನರ ಹೆಸರು ಕೆತ್ತಿಸಿ. ಅದರ ಕೆಳಗೆ ನ್ಯುಮೋನಿಯಾ ಅಂತ ದಾಖಲಾದ 42 ಜನರ ಹೆಸರನ್ನೂ ಕೆತ್ತಿಸಿ, ಸುರಂಗದಲ್ಲಿ ಏನಾಯಿತು ಅಂತ ಎರಡು ಸಾಲು ಬರೆಸಿ.

ಇನ್ನೊಂದು ಕೋರಿಕೆ. ಅಣೆಕಟ್ಟಿಗಾಗಿ ನದಿಯ ಸರ್ವೆ ಮಾಡುವಾಗ ಜೆ. ಜಿ. ಟಿಯರ್ನಿ ನೀರಲ್ಲಿ ಮುಳುಗಿ ಸತ್ತಿದ್ದು 1922ರ ಡಿಸೆಂಬರ್ 20ರಂದು. ಅವರ ಮಗ ಪ್ಯಾಟ್ರಿಕ್ ಅಲ್ಲಿನ ಗೋಪುರದಿಂದ ಬಿದ್ದು ಸತ್ತಿದ್ದು 1935ರ ಡಿಸೆಂಬರ್ 20ರಂದು. ಪ್ರತಿ ವರ್ಷ ಆ ದಿನ ಅಣೆಕಟ್ಟಿನ ಮೇಲೆ ಯಾರಾದರೂ ನಿಂತು ಈ ಹೆಸರುಗಳನ್ನೆಲ್ಲ ಜೋರಾಗಿ ಓದಲಿ. ಹತ್ತು ನಿಮಿಷ ಸಾಕು. ಓದುವವರು ಬೇಕಾದರೆ ನಾನು ಬರುತ್ತೇನೆ.

ಇಂತಿ,
ಹೆಂಡರ್ಸನ್‌ನ ಒಬ್ಬ ನಿವಾಸಿ